ಚೆನ್ನಾಗಿದ್ದ ದಿನದ ಲೆಕ್ಕ

(ಕೋಲಾರದಲ್ಲಿ ಮಾಜಿ ಸೈನಿಕರು ಮತ್ತು ಸೇವೆಯಲ್ಲಿರುವವರ ಮನೆಯವರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಹೊತ್ತು ಸಾಲದೆ ಬಿಟ್ಟ ಒಂದೆರಡು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಡೇರಿಯ ಮಾತು ಆಡುತ್ತೇನೆ, ಆಮೇಲೆ ಸೈನ್ಯದ ಮಾತು.

ಇಲ್ಲಿ ಕುಳಿತಿರುವ ಬಹಳ ಮಂದಿ ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಕ್ಯಾನ್ ತೊಳೆದು ಬೋರಲು ಹಾಕಿ ಬಂದವರು. ನಾನೂ ಹಾಗೆಯೇ ಬಂದೆ. ಅಲ್ಲಿ ನಡೆಯುವುದು ನಿಮಗೆ ಗೊತ್ತೇ ಇದೆ. ನಮ್ಮ ಸರದಿ ಬಂದಾಗ ಸ್ವಲ್ಪ ಹಾಲು ತೆಗೆದು ಪರೀಕ್ಷೆಗೆ ಇಡುತ್ತಾರೆ. ಲೀಟರ್ ಎಷ್ಟು, ಫ್ಯಾಟ್ ಎಷ್ಟು ಎಂದು ದಾಖಲಾಗುತ್ತದೆ. ಹಬ್ಬವಿರಲಿ, ಮಳೆಯಿರಲಿ, ಊರಿನಲ್ಲಿ ಸಾವಾಗಿರಲಿ, ಎರಡು ಹೊತ್ತೂ ದಾಖಲಾಗುತ್ತದೆ. ಒಂದು ದಿನ ಫ್ಯಾಟ್ 4.1 ಇದ್ದದ್ದು 3.2ಕ್ಕೆ ಇಳಿಯಿತು ಅನ್ನಿ. ಮನೆಗೆ ಬಂದವರು ನೇರ ಕೊಟ್ಟಿಗೆಗೆ ಹೋಗುತ್ತೀರಿ. ಮೇವು ಬದಲಾಯಿತೇ, ಕೆಚ್ಚಲು ಬಿಸಿಯಿದೆಯೇ, ಹಸು ಮೆಲುಕು ಹಾಕುತ್ತಿದೆಯೇ ಎಂದು ನೋಡುತ್ತೀರಿ. ಇಳಿದಿದೆ ಎಂದು ಗೊತ್ತಾದದ್ದು ಹೇಗೆ? ಹಸು ಚೆನ್ನಾಗಿದ್ದ ದಿನವೂ ಬರೆದಿಟ್ಟಿದ್ದರಿಂದ. 3.2 ಎಂಬ ಅಂಕಿ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ನಿನ್ನೆಯ 4.1 ಪಕ್ಕದಲ್ಲಿದ್ದಾಗಲೇ ಅದಕ್ಕೆ ಬಾಯಿ ಬರುತ್ತದೆ.

ನಾನು ಸೈನ್ಯದ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ಇಪ್ಪತ್ತೆರಡು ವರ್ಷ ದುಡಿದವನು. ಡಾಕ್ಟರ್ ಅಲ್ಲ. ಸೂಜಿ ಚುಚ್ಚುವುದು, ಗಾಯ ಕಟ್ಟುವುದು, ರೋಗಿಯನ್ನು ಹೊತ್ತು ಇಳಿಸುವುದು ನನ್ನ ಕೆಲಸ. ಅದಕ್ಕಿಂತ ಹೆಚ್ಚಾಗಿ ಬರೆಯುವುದು ನನ್ನ ಕೆಲಸವಾಗಿತ್ತು. ಎಂಐ ರೂಮಿನ, ಅಂದರೆ ಪಡೆಯ ವೈದ್ಯಕೀಯ ತಪಾಸಣಾ ಕೊಠಡಿಯ, ಮೇಜಿನ ಮೇಲಿನ ದಪ್ಪ ರಿಜಿಸ್ಟರು, ಸಿಕ್ ರಿಪೋರ್ಟ್, ವಾರ್ಷಿಕ ತಪಾಸಣೆಯ ಫಾರಂಗಳು. ಆಗ ಅದು ಬೇಸರದ ಕೆಲಸವೆಂದೇ ಅನ್ನಿಸುತ್ತಿತ್ತು. ನಿವೃತ್ತನಾಗಿ ಊರಿಗೆ ಬಂದು, ಜೊತೆಯವರು ಒಬ್ಬೊಬ್ಬರಾಗಿ ಮೊಣಕಾಲು ಹಿಡಿದುಕೊಂಡು, ಎದೆ ಹಿಡಿದುಕೊಂಡು, ಕೆಲವರು ಏನನ್ನೂ ಹಿಡಿದುಕೊಳ್ಳದೆ ಸುಮ್ಮನೆ ಗೋಡೆ ನೋಡುತ್ತ ಕೂರುವುದನ್ನು ಕಂಡ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಅವರಿಗೆ ನ್ಯಾಯ ಸಿಕ್ಕರೂ, ಚಿಕಿತ್ಸೆ ಸಿಕ್ಕರೂ ಆ ಬೇಸರದ ಕೆಲಸದಿಂದಲೇ ಸಿಗಬೇಕು.

ಸೇನೆಯಲ್ಲಿ ಆರೋಗ್ಯವನ್ನು ಅಳೆಯುವ ಕ್ರಮಕ್ಕೆ ‘ಶೇಪ್’ ಎಂದು ಹೆಸರು. ಐದು ಇಂಗ್ಲಿಷ್ ಅಕ್ಷರ, ಐದು ಭಾಗ. ಎಸ್ ಎಂದರೆ ಮನಸ್ಸು, ಎಚ್ ಎಂದರೆ ಕಿವಿ, ಎ ಎಂದರೆ ಕೈಕಾಲು, ಪಿ ಎಂದರೆ ಒಟ್ಟು ದೇಹಶಕ್ತಿ, ಇ ಎಂದರೆ ಕಣ್ಣು. ಒಂದೊಂದಕ್ಕೂ 1ರಿಂದ 5ರವರೆಗೆ ದರ್ಜೆ. ಶೇಪ್-1 ಎಂದರೆ ಎಲ್ಲಿಗೆ ಬೇಕಾದರೂ, ಯಾವ ಕೆಲಸಕ್ಕೆ ಬೇಕಾದರೂ ಕಳುಹಿಸಬಹುದು. 5 ಎಂದರೆ ಸೇವೆಗೆ ಆಗುವುದಿಲ್ಲ. ಇದನ್ನು ರೂಪಿಸಿದವರು ಮನಸ್ಸನ್ನು ಮೊದಲ ಅಕ್ಷರವಾಗಿ ಇಟ್ಟಿದ್ದಾರೆ ಎಂಬುದನ್ನು ಗಮನಿಸಿ. ನಾನು ಕಂಡಂತೆ ಬಹಳಷ್ಟು ತಪಾಸಣೆಗಳಲ್ಲಿ ಕೊನೆಗೆ ಕೇಳುವುದೂ, ಬೇಗ ಮುಗಿಸುವುದೂ ಅದನ್ನೇ. ‘ನಿದ್ದೆ ಬರುತ್ತದೆಯಾ?’ ‘ಬರುತ್ತದೆ ಸಾಬ್.’ ಅಷ್ಟಕ್ಕೆ ಎಸ್-1.

ಈಗ ಎತ್ತರದ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನಮ್ಮ ಸೇನೆ ಜಗತ್ತಿಗೇ ಪಾಠ ಹೇಳಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ.

ನೀವೆಲ್ಲ ನಂದಿ ಬೆಟ್ಟ ಹತ್ತಿದವರು. ಅದರ ಎತ್ತರ ಸಮುದ್ರಮಟ್ಟದಿಂದ 4,851 ಅಡಿ. ಒಂದು ನಂದಿಯ ಮೇಲೆ ಇನ್ನೊಂದು ನಂದಿ, ಅದರ ಮೇಲೆ ಮತ್ತೊಂದು, ಅದರ ಮೇಲೂ ಒಂದು, ಹೀಗೆ ನಾಲ್ಕು ನಂದಿಯನ್ನು ಪೇರಿಸಿದರೆ ಎಷ್ಟೋ ಅಷ್ಟು ಎತ್ತರದಲ್ಲಿ ಸಿಯಾಚಿನ್‌ನ ಮೇಲಿನ ಪೋಸ್ಟ್‌ಗಳಿವೆ. ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರುವರಿಯಲ್ಲಿ ಹಿಮಕುಸಿತಕ್ಕೆ ಸಿಕ್ಕಿ, ಆರು ದಿನ ಹಿಮದಡಿಯಲ್ಲಿ ಜೀವ ಹಿಡಿದುಕೊಂಡಿದ್ದು ಅಂಥ ಎತ್ತರದಲ್ಲೇ. ಹಿಮಕುಸಿತವಾದರೆ ದೇಶಕ್ಕೆಲ್ಲ ತಿಳಿಯುತ್ತದೆ. ಅಲ್ಲಿನ ಗಾಳಿ ಸದ್ದಿಲ್ಲದೆ ಮಾಡುವ ಕೆಲಸ ತಿಳಿಯುವುದಿಲ್ಲ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಇಲ್ಲಿ ಸಿಗುವುದರ ಅರ್ಧದಷ್ಟೇ.

1962ರ ಚೀನಾ ಯುದ್ಧದ ಸಮಯದಲ್ಲಿ ಬಯಲುಸೀಮೆಯ ಹುಡುಗರನ್ನು ತುರ್ತಾಗಿ ಹಿಮಾಲಯದ ಎತ್ತರಕ್ಕೆ ಏರಿಸಬೇಕಾಯಿತು. ಗುಂಡು ತಗಲದವರೂ ನೆಲ ಹಿಡಿದರು. ಎದೆಯಲ್ಲಿ ನೀರು ತುಂಬಿ, ಬಾಯಲ್ಲಿ ಕೆಂಪು ನೊರೆ ಬಂದು ಸಾಯುತ್ತಿದ್ದವರನ್ನು ಮೊದಮೊದಲು ನ್ಯುಮೋನಿಯಾ ಎಂದುಕೊಂಡವರೂ ಇದ್ದರು. ನಮ್ಮ ಸೇನಾ ವೈದ್ಯರು ಅಂಥವರನ್ನು ಒಬ್ಬೊಬ್ಬರಾಗಿ ಬರೆದಿಟ್ಟರು. ಎಷ್ಟು ಅಡಿಗೆ ಹೋದ, ಎಷ್ಟು ದಿನದಲ್ಲಿ ಹೋದ, ಯಾವ ದಿನ ತಲೆನೋವು, ಯಾವ ದಿನ ವಾಂತಿ, ರಜೆಯಿಂದ ಬಂದವನೇ, ಹೊಸಬನೇ, ಎಲ್ಲವನ್ನೂ. ಇಂದರ್ ಸಿಂಗ್ ಮತ್ತು ಜೊತೆಗಾರರು 1,925 ಸೈನಿಕರ ವಿವರ ಸೇರಿಸಿ 1969ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದರು. ಪರ್ವತದ ಕಾಯಿಲೆಯ ಬಗ್ಗೆ ಓದುವ ವೈದ್ಯರು ಇವತ್ತಿಗೂ ಅದನ್ನು ಉಲ್ಲೇಖಿಸುತ್ತಾರೆ. ಆ 1,925 ಮಂದಿಯಲ್ಲಿ ಯಾರಿಗೂ ತಮ್ಮ ತಲೆನೋವು ಪಾಠವಾಗುತ್ತದೆ ಎಂದು ಗೊತ್ತಿದ್ದಿರಲಾರದು.

ಇಂಥ ದಾಖಲೆಗಳಿಂದ ಹುಟ್ಟಿದ್ದೇ ಇಂದಿನ ಹಂತದ ಕ್ರಮ. ಒಂಬತ್ತರಿಂದ ಹನ್ನೆರಡು ಸಾವಿರ ಅಡಿಯಲ್ಲಿ 6 ದಿನ, ಹನ್ನೆರಡರಿಂದ ಹದಿನೈದು ಸಾವಿರದಲ್ಲಿ 4 ದಿನ, ಅದರ ಮೇಲೆ ಇನ್ನೂ 4 ದಿನ. ಮೊದಲ ಎರಡು ದಿನ ಬರೀ ವಿಶ್ರಾಂತಿ. ಗಟ್ಟಿಮುಟ್ಟಾದ ಹುಡುಗರಿಗೆ ಆ ಎರಡು ದಿನ ಮಲಗಿ ಕಳೆಯುವುದೇ ದೊಡ್ಡ ಶಿಕ್ಷೆ. ಇನ್ನೊಂದು ನಿಯಮವನ್ನು ಮನೆಯವರು ತಿಳಿದಿರಬೇಕು: ರಜೆಯ ಮೇಲೆ ಕೆಳಗೆ ಬಂದು ನಾಲ್ಕು ವಾರಕ್ಕಿಂತ ಹೆಚ್ಚು ಇದ್ದರೆ, ವಾಪಸು ಹೋದಾಗ ಈ ಹಂತಗಳನ್ನೆಲ್ಲ ಮತ್ತೆ ಮೊದಲಿನಿಂದ ದಾಟಬೇಕು. ಮಗ ಎರಡು ತಿಂಗಳು ಊರಿನಲ್ಲಿದ್ದು, ಮುದ್ದೆ ಉಂಡು, ತಂಗಿಯ ಮದುವೆ ಮುಗಿಸಿ ಹೊರಟ ಎಂದರೆ ಅವನ ದೇಹ ಪರ್ವತವನ್ನು ಮರೆತಿರುತ್ತದೆ. ‘ಹೋದ ಸಲ ಏನೂ ಆಗಲಿಲ್ಲ’ ಎಂಬ ಧೈರ್ಯ ಅಲ್ಲಿ ಕೆಲಸಕ್ಕೆ ಬಾರದು.

ಲಡಾಖ್‌ನಲ್ಲಿ ನಾನಿದ್ದ ಪೋಸ್ಟ್ ಹದಿನೈದು ಸಾವಿರ ಅಡಿಗೂ ಮೇಲಿತ್ತು. ಅಲ್ಲಿಗೆ ಮುಳಬಾಗಿಲು ಕಡೆಯ ಹುಡುಗನೊಬ್ಬ ರಜೆ ಮುಗಿಸಿ, ಹಂತಗಳನ್ನು ದಾಟಿ ಬಂದ. ನಮ್ಮ ಕಡೆಯವನೆಂದು ನನಗೆ ಸಲಿಗೆ. ಊರಿನಿಂದ ಹುರಿಗಾಳಿನ ಪೊಟ್ಟಣ ತಂದುಕೊಟ್ಟ. ದಿನಾ ಬೆಳಿಗ್ಗೆ ಎಲ್ಲರ ಬೆರಳಿಗೂ ಆಕ್ಸಿಮೀಟರ್ ಸಿಕ್ಕಿಸಿ, ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಎಂಬ ಅಂಕಿ ಬರೆಯುತ್ತಿದ್ದೆ. ಅವನ ಪುಟದಲ್ಲಿ ಮೂರು ಬೆಳಗಿನ ಅಂಕಿ ಹೀಗಿದ್ದವು: 86, 84, 79. ಮೂರನೆಯ ದಿನ ‘ಹುಷಾರಾಗಿದ್ದೀಯಾ?’ ಎಂದೆ. ‘ಏನೂ ಇಲ್ಲಣ್ಣ, ಊರಿನ ಶೀತ’ ಎಂದ. 79 ಎಂಬುದು ಆ ಎತ್ತರದಲ್ಲಿ ಕೆಲವರಿಗೆ ಮಾಮೂಲು. ಆದರೆ ಅವನಿಗೆ ಅದು ಮಾಮೂಲಲ್ಲ ಎಂದು ಪುಟ ಹೇಳುತ್ತಿತ್ತು. ಅಂದು ರಾತ್ರಿ ಅವನ ಬಂಕರಿಗೆ ಹೋಗಿ ಕುಳಿತೆ. ಸುಮ್ಮನೆ ಕುಳಿತವನಿಗೂ ಏದುಸಿರು. ಬೆರಳು ಎಷ್ಟು ತಣ್ಣಗಿತ್ತೆಂದರೆ ಯಂತ್ರ ಅಂಕಿಯನ್ನೇ ತೋರಿಸಲಿಲ್ಲ. ನನ್ನ ಎರಡು ಅಂಗೈ ನಡುವೆ ಅವನ ಕೈ ಇಟ್ಟು ತಿಕ್ಕಿದೆ. ಬಂಕರು ಬೆಚ್ಚಗಿಡುವ ಸೀಮೆಎಣ್ಣೆ ಒಲೆಯ (ಬುಖಾರಿ) ಬೆಳಕಿನಲ್ಲಿ ಉಗುರು ನೇರಳೆ ಬಣ್ಣಕ್ಕೆ ತಿರುಗಿದ್ದು ಕಾಣಿಸಿತು. ಕೊನೆಗೆ ಅರವತ್ತರ ಆಸುಪಾಸಿನ ಒಂದು ಅಂಕಿ ಮಿನುಗಿತು. ಬೆನ್ನಿಗೆ ಸ್ಟೆಥಾಸ್ಕೋಪ್ ಇಟ್ಟರೆ ಕಿವಿಯ ಪಕ್ಕದಲ್ಲಿ ಕೂದಲನ್ನು ಬೆರಳಿನಲ್ಲಿ ಉಜ್ಜಿದಂಥ ಸದ್ದು. ಎದೆಯಲ್ಲಿ ನೀರು ಸೇರಿತ್ತು. ಆಮ್ಲಜನಕ ಹಾಕಿ, ಬೆಳಕು ಹರಿಯುವ ಮೊದಲೇ ಕೆಳಗೆ ಇಳಿಸಿದೆವು. ಉಳಿದುಕೊಂಡ. ಈಗ ಎರಡು ಮಕ್ಕಳ ತಂದೆ.

ಅವನು ಯಾಕೆ ಮುಚ್ಚಿಟ್ಟ? ಕ್ಯಾಟಗರಿ ಬೀಳುತ್ತದೆ ಎಂಬ ಭಯ. ಸೈನ್ಯದಲ್ಲಿ ಇದ್ದವರಿಗೆ ಈ ಮಾತು ಚೆನ್ನಾಗಿ ಗೊತ್ತು. ಲೋ ಮೆಡಿಕಲ್ ಕ್ಯಾಟಗರಿ ಆದರೆ ಬಡ್ತಿಗೆ ತೊಡಕು, ಕೋರ್ಸಿಗೆ ತೊಡಕು, ಜೊತೆಗಾರರ ಕಣ್ಣಿನಲ್ಲಿ ಸಣ್ಣತನ. ಹಾಗಾಗಿ ಬೆನ್ನು ನೋವಿದ್ದವನು ನೋವಿಲ್ಲ ಎನ್ನುತ್ತಾನೆ, ಬಿ.ಪಿ. ಇದ್ದವನು ತಪಾಸಣೆಯ ಹಿಂದಿನ ವಾರ ಉಪ್ಪು ಬಿಡುತ್ತಾನೆ. ನಿಜ ಹೇಳಿದವನಿಗೆ ನಷ್ಟವಾಗುವ ಕಡೆ ನಿಜ ಬರೆಯಲು ಆಗುವುದಿಲ್ಲ. ನನ್ನ ಸೇವೆಯ ಉದ್ದಕ್ಕೂ ನನ್ನನ್ನು ಕಾಡಿದ ಸಂಗತಿ ಇದು. ಈ ವಿಷಯದಲ್ಲಿ ವ್ಯವಸ್ಥೆಯೇ ಬಗ್ಗಬೇಕು. ಚಿಕಿತ್ಸೆಗಾಗಿ ಹೇಳಿಕೊಂಡದ್ದನ್ನು ಬಡ್ತಿಯ ತಕ್ಕಡಿಗೆ ಹಾಕಬಾರದು ಎಂದು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ.

ಕಾಯಿಲೆ ಯುದ್ಧಭೂಮಿಯಲ್ಲೇ ಕಾಣಿಸಿಕೊಳ್ಳುತ್ತದೆ ಎಂಬ ನಿಯಮವೂ ಇಲ್ಲ. ನಮ್ಮ ಹಳೆ ಮೈಸೂರಿನ ಸೀಮೆಯ ಕುದುರೆ ಸವಾರರ ಕಥೆಯನ್ನೇ ತೆಗೆದುಕೊಳ್ಳಿ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಬ್ರಿಟಿಷರ ಪರ ಕಾದಾಡುತ್ತಿದ್ದ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧ್‌ಪುರ ಲ್ಯಾನ್ಸರ್ಸ್ ಈಗಿನ ಇಸ್ರೇಲ್‌ನ ಹೈಫಾ ಪಟ್ಟಣವನ್ನು ಗೆದ್ದ ಸಂಗತಿ ಎಲ್ಲರಿಗೂ ಗೊತ್ತು, ದೆಹಲಿಯ ತೀನ್ ಮೂರ್ತಿ ಅದರ ನೆನಪಿಗೇ ನಿಂತಿದೆ. ಅದರ ಮುಂದಿನ ತಿಂಗಳು ಏನಾಯಿತು ಎಂಬುದನ್ನು ಯಾರೂ ಹೇಳುವುದಿಲ್ಲ. ಬ್ರಿಟಿಷ್ ಪಡೆ ತನ್ನ ಕಡೆಯ ಜೌಗು ನೆಲವನ್ನು ಬತ್ತಿಸಿ, ನಿಂತ ನೀರಿಗೆ ಎಣ್ಣೆ ಹಾಕಿ ಸೊಳ್ಳೆಯನ್ನು ಹದ್ದುಬಸ್ತಿನಲ್ಲಿಟ್ಟಿತ್ತು. ದಾಳಿ ಶುರುವಾದ ಮೇಲೆ ಕುದುರೆ ಪಡೆಗಳು ಆ ಗಡಿ ದಾಟಿ, ಯಾರೂ ಮುಟ್ಟದ ಜೌಗು ನಾಡಿನ ಮೂಲಕ ದೌಡಾಯಿಸಿದವು. ಸೊಳ್ಳೆ ಕಚ್ಚಿ ಹತ್ತು ಹದಿನಾಲ್ಕು ದಿನಕ್ಕೆ, ಅಂದರೆ ಗೆಲುವಿನ ಸಂಭ್ರಮ ಇನ್ನೂ ಆರದೆ ಇರುವಾಗ, ದಮಾಸ್ಕಸ್ ತಲುಪಿದ ಪಡೆಗಳಲ್ಲಿ ಮಲೇರಿಯಾ ಸ್ಫೋಟಿಸಿತು. ಅದರ ಜೊತೆ ಇನ್‌ಫ್ಲುಯೆಂಜಾ ಸೇರಿಕೊಂಡಿತು. ಕತ್ತಿಗೆ, ಗುಂಡಿಗೆ ಸಿಗದ ಗಂಡಾಳುಗಳು ಕುದುರೆಗೆ ನೀರು ಕುಡಿಸಲೂ ಆಗದೆ ಮಲಗಿದರು.

ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಗಡಿಯಲ್ಲೂ ಇದೇ ಕಥೆ. 1943ರಲ್ಲಿ ಗಾಯಗೊಂಡು ಹಿಂದಕ್ಕೆ ಬಂದ ಒಬ್ಬನಿಗೆ, ಕಾಯಿಲೆಯಿಂದ ಬಂದವರು 120. ಅಲ್ಲಿನ ಬ್ರಿಟಿಷ್ ಸೇನಾಪತಿ ಜನರಲ್ ಸ್ಲಿಮ್ ಮಲೇರಿಯಾ ತಡೆಯುವ ಮೆಪಾಕ್ರಿನ್ ಮಾತ್ರೆಯನ್ನು ಕಡ್ಡಾಯ ಮಾಡಿ, ಮಾತ್ರೆ ನುಂಗಿದ್ದಾರೋ ಇಲ್ಲವೋ ಎಂದು ಇದ್ದಕ್ಕಿದ್ದಂತೆ ಪರೀಕ್ಷೆ ಮಾಡಿಸಿದರು. ಲೆಕ್ಕ ತಪ್ಪಿದ ಮೂವರು ಕಮಾಂಡಿಂಗ್ ಅಧಿಕಾರಿಗಳನ್ನು ಹುದ್ದೆಯಿಂದ ಇಳಿಸಿದರು. ಆಮೇಲೆ ಯಾರಿಗೂ ಬೇರೆ ಹೇಳಬೇಕಾಗಲಿಲ್ಲ. ಆರೋಗ್ಯ ಬರೀ ಡಾಕ್ಟರ ಹೊಣೆಯಲ್ಲ, ಪಡೆಯನ್ನು ನಡೆಸುವವನ ಹೊಣೆ ಎಂಬ ಮಾತನ್ನು ಅಷ್ಟು ಸ್ಪಷ್ಟವಾಗಿ ಹೇಳಿದವರು ಕಡಿಮೆ.

ಬರೆದಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆ ಸಾಕು. 1990–91ರ ಕೊಲ್ಲಿ ಯುದ್ಧಕ್ಕೆ ಹೋದ ಅವರ ಸೈನಿಕರು ಸುಮಾರು 7 ಲಕ್ಷ. ನೆಲದ ಮೇಲಿನ ಯುದ್ಧ ಕೆಲವೇ ದಿನಗಳಲ್ಲಿ ಮುಗಿಯಿತು. ಮನೆಗೆ ಬಂದ ಮೇಲೆ ಸಾವಿರಾರು ಮಂದಿ ಸುಸ್ತು, ಕೀಲುನೋವು, ಮರೆವು, ಚರ್ಮದ ತುರಿಕೆ, ಹೊಟ್ಟೆಯ ತೊಂದರೆ ಎಂದು ಹೇಳತೊಡಗಿದರು. ಎಣ್ಣೆ ಬಾವಿಗಳ ಹೊಗೆಯೋ, ಕೀಟನಾಶಕವೋ, ವಿಷಾನಿಲದಿಂದ ಕಾಪಾಡಲೆಂದು ಕೊಟ್ಟ ಮಾತ್ರೆಯೋ? ಉತ್ತರ ಹುಡುಕಲು ಹೊರಟವರಿಗೆ ದೊಡ್ಡ ಗೋಡೆಯೊಂದು ಅಡ್ಡ ಬಂತು. ಹೋಗುವ ಮೊದಲು ಇವರು ಹೇಗಿದ್ದರು, ಅಲ್ಲಿ ಯಾರು ಎಲ್ಲಿದ್ದರು, ಯಾರಿಗೆ ಏನು ಕೊಟ್ಟರು ಎಂಬ ದಾಖಲೆ ಸರಿಯಾಗಿರಲಿಲ್ಲ. ಫ್ಯಾಟ್ 3.2 ಎಂದು ಗೊತ್ತು, ನಿನ್ನೆ ಎಷ್ಟಿತ್ತು ಎಂದು ಗೊತ್ತಿಲ್ಲ. ಎಷ್ಟೋ ಮಂದಿಗೆ ‘ಇದೆಲ್ಲ ನಿನ್ನ ಮನಸ್ಸಿನದು’ ಎಂಬ ಮಾತು ಕೇಳಬೇಕಾಯಿತು.

1997ರಲ್ಲಿ ಅವರು ಕಾನೂನನ್ನೇ ಮಾಡಿದರು. ಕಾರ್ಯಾಚರಣೆಗೆ ಕಳುಹಿಸುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ ಆರೋಗ್ಯ ಪರಿಶೀಲನೆ, ರಕ್ತದ ಮಾದರಿಯ ಸಂಗ್ರಹ. ಅದರಲ್ಲೂ ಒಂದು ಕೊರತೆ ಉಳಿಯಿತು. ಬಂದ ತಕ್ಷಣ ಕೇಳಿದರೆ ಸೈನಿಕ ‘ಎಲ್ಲ ಸರಿಯಿದೆ’ ಎಂದೇ ಬರೆಯುತ್ತಾನೆ. ತೊಂದರೆ ಇದೆ ಎಂದರೆ ಇನ್ನೆರಡು ದಿನ ತಡೆದು ನಿಲ್ಲಿಸುತ್ತಾರೆ, ಹೊರಗೆ ಹೆಂಡತಿ ಮಕ್ಕಳು ಕಾಯುತ್ತಿದ್ದಾರೆ. ಹಾಗಾಗಿ 2005ರಿಂದ ಮೂರರಿಂದ ಆರು ತಿಂಗಳ ನಡುವೆ ಇನ್ನೊಮ್ಮೆ ಕೇಳುವ ಪದ್ಧತಿ ಬಂತು. ಇರಾಕ್‌ನಿಂದ ಮರಳಿದ 88,235 ಸೈನಿಕರ ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮನಸ್ಸಿನ ತೊಂದರೆಗಳು ಎರಡನೆಯ ಸಲ ಸ್ಪಷ್ಟವಾಗಿ ಹೆಚ್ಚಿದ್ದವು. ಮನೆಯವರೊಂದಿಗೆ, ಹತ್ತಿರದವರೊಂದಿಗೆ ಜಗಳ ಎಂದವರು ನಾಲ್ಕು ಪಟ್ಟು ಆಗಿದ್ದರು.

ಈ ನಾಲ್ಕು ಪಟ್ಟು ಎಂಬುದನ್ನು ಓದಿದಾಗ ನನಗೆ ನಮ್ಮ ಪಕ್ಕದ ಬೀದಿಯ ಮನೆಯೊಂದು ನೆನಪಾಯಿತು. ಆ ಮನೆಯ ಯಜಮಾನರು ಫಿರಂಗಿ ದಳದಲ್ಲಿ ಹದಿನೇಳು ವರ್ಷ ಇದ್ದು ಬಂದವರು. ಊರಿಗೆ ಬಂದ ವರ್ಷ ಎಲ್ಲರೊಂದಿಗೂ ನಗುನಗುತ್ತ ಇದ್ದರು. ಆಮೇಲೆ ಸಿಡುಕು ಶುರುವಾಯಿತು. ಅವರ ಹೆಂಡತಿ ಒಂದು ದಿನ ನನ್ನ ಹತ್ತಿರ ಬಂದು, ‘ಅಣ್ಣ, ಮಗಳು ಶಾಲೆಯ ಮಾತೆತ್ತಿದರೆ ಸಾಲದ ಮಾತೆಂದು ತಿಳಿದು ರೇಗುತ್ತಾರೆ. ಟಿ.ವಿ. ಸದ್ದಿಗೆ ಅಕ್ಕಪಕ್ಕದವರು ಬೈಯುತ್ತಾರೆ. ಇವರಿಗೆ ಯಾರೋ ಏನೋ ಮಾಡಿಸಿದ್ದಾರೆ ಎಂದು ಅತ್ತೆ ಹೇಳುತ್ತಾರೆ’ ಎಂದರು. ಶಾಲೆ, ಸಾಲ. ನನಗೆ ಥಟ್ಟನೆ ಹೊಳೆಯಿತು. ಫಿರಂಗಿಯ ಸದ್ದು ಕಿವಿಯನ್ನು ಒಮ್ಮೆಗೇ ಕೆಡಿಸುವುದಿಲ್ಲ. ಮೊದಲು ಕೀರಲು ಸ್ವರಗಳನ್ನು ತಿನ್ನುತ್ತದೆ. ಶ, ಸ, ಚ, ತ ಇಂಥ ವ್ಯಂಜನಗಳ ಅಂಚು ಮಾಸುತ್ತದೆ. ಗಂಡಸರ ದಪ್ಪ ದನಿ ಕೇಳುತ್ತದೆ, ಮಗಳ ಎಳೆಯ ದನಿ ಕೇಳುವುದಿಲ್ಲ. ಮನುಷ್ಯ ತನಗೆ ಕಿವುಡು ಎಂದುಕೊಳ್ಳುವುದಿಲ್ಲ, ಎದುರಿನವರು ಗೊಣಗುತ್ತಿದ್ದಾರೆ ಎಂದುಕೊಳ್ಳುತ್ತಾನೆ. ಅವರನ್ನು ಕರೆದುಕೊಂಡು ಹೋಗಿ ಆಡಿಯೋಮೆಟ್ರಿ, ಅಂದರೆ ಕಿವಿಯ ಶಕ್ತಿಯ ಪರೀಕ್ಷೆ, ಮಾಡಿಸಿದೆವು. ಕಾಗದದ ಮೇಲಿನ ಗೆರೆ ನಾಲ್ಕು ಸಾವಿರ ಹರ್ಟ್ಸ್ ಹತ್ತಿರ ಬಾವಿಯಂತೆ ಕುಸಿದಿತ್ತು. ಸದ್ದಿನಿಂದ ಆದ ಪೆಟ್ಟಿನ ಗುರುತೇ ಅದು. ಈಗ ಎರಡೂ ಕಿವಿಗೆ ಯಂತ್ರ ಹಾಕಿಕೊಂಡಿದ್ದಾರೆ, ಮನೆಯಲ್ಲಿ ಜಗಳ ತಗ್ಗಿದೆ. ಆದರೆ ಪೆಟ್ಟು ಸೇವೆಯಲ್ಲಿ ಆದದ್ದು ಎಂದು ತೋರಿಸಲು ಸೇರಿದಾಗಿನ ಗೆರೆ, ಬಿಟ್ಟಾಗಿನ ಗೆರೆ ಎರಡೂ ಬೇಕು. ಬಿಡುಗಡೆಯ ದಿನದ ಅವರ ಕಾಗದದಲ್ಲಿ ಕಿವಿಯ ಎದುರು ‘ಸರಿಯಿದೆ’ ಎಂಬ ಒಂದೇ ಪದವಿದೆ.

ಅಮೆರಿಕದವರ ರಕ್ತದ ಸಂಗ್ರಹದ ಬಗ್ಗೆ ಒಂದು ಮಾತು ಹೇಳಲೇಬೇಕು, ಅದು ನನಗೆ ಬಹಳ ಇಷ್ಟವಾದ ಸಂಗತಿ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆಗೆ ಕಾರಣ ಏನು ಎಂಬುದು ದಶಕಗಳ ಪ್ರಶ್ನೆಯಾಗಿತ್ತು. ಸೇವೆಗೆ ಸೇರಿದ ಒಂದು ಕೋಟಿಗೂ ಹೆಚ್ಚು ಯುವಜನರ ದಾಖಲೆಗಳಲ್ಲಿ ಮುಂದೆ ಆ ಕಾಯಿಲೆ ಬಂದ 955 ಮಂದಿಯನ್ನು ಗುರುತಿಸಿ, ಅವರು ಆರೋಗ್ಯವಾಗಿದ್ದಾಗ ತೆಗೆದಿಟ್ಟ ರಕ್ತದ ಮಾದರಿಗಳನ್ನು ಹುಡುಕಿ ಪರೀಕ್ಷಿಸಿದರು. ಎಪ್ಸ್ಟೀನ್-ಬಾರ್ ಎಂಬ ವೈರಸ್ ತಗುಲಿದ ಮೇಲೆ ಆ ಕಾಯಿಲೆಯ ಸಾಧ್ಯತೆ 32 ಪಟ್ಟು ಏರುತ್ತದೆ ಎಂದು 2022ರಲ್ಲಿ ತೋರಿಸಿಕೊಟ್ಟರು. ಯಾವುದೋ ಕಾಲದಲ್ಲಿ ಯಾವುದೋ ಕ್ಯಾಂಪಿನಲ್ಲಿ ಸಿಪಾಯಿಯೊಬ್ಬ ತೋಳು ಚಾಚಿ ಕೊಟ್ಟ ರಕ್ತ ಇಡೀ ಮನುಕುಲಕ್ಕೆ ಉಪಯೋಗವಾಯಿತು.

ಇಷ್ಟು ದೂರ ಯಾಕೆ ಹೋಗಬೇಕು? ನಮ್ಮ ಜಿಲ್ಲೆಯೇ ಈ ಪಾಠವನ್ನು ಒಮ್ಮೆ ಕಲಿತಿದೆ. ದೇಶದಲ್ಲಿ ಸಿಲಿಕೋಸಿಸ್ ಕಾಯಿಲೆ ಮೊದಲು ವರದಿಯಾದದ್ದು ಕೋಲಾರದ ಚಿನ್ನದ ಗಣಿಗಳಿಂದ, 1947ರಲ್ಲಿ. ಗಣಿಯಲ್ಲಿ ದುಡಿದವರ ಎದೆಯೊಳಗೆ ಕಲ್ಲಿನ ದೂಳು ಕುಳಿತುಬಿಡುತ್ತದೆ. ಕೆಲಸ ಬಿಟ್ಟರೂ ಅದು ಬಿಡುವುದಿಲ್ಲ. ಕೆ.ಜಿ.ಎಫ್. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು, ಕೆಮ್ಮು ಮುಚ್ಚಲಿಲ್ಲ. ಗಣಿ ನಡೆಯುವಾಗ ಎದೆಯ ಎಕ್ಸ್‌ರೇ ಚಿತ್ರ ಇಟ್ಟುಕೊಂಡಿದ್ದವರಿಗೆ ಆಮೇಲೆ ತೋರಿಸಲು ಏನಾದರೂ ಇತ್ತು. ಇಲ್ಲದವರಿಗೆ ಕೆಮ್ಮು ಮಾತ್ರ ಇತ್ತು.

ಇನ್ನು ನಮ್ಮ ನೀರು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಈ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಎಷ್ಟೋ ಊರುಗಳಲ್ಲಿ ದಾಟಿದೆ. ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಪಟ್ಟೆ, ಆಮೇಲೆ ಮೂಳೆ ಕೀಲುಗಳಲ್ಲಿ ಬಿಗಿತ. ಈಗ ಯೋಚಿಸಿ: ಗಡಿಯಲ್ಲಿ ಹೊರೆ ಹೊತ್ತು ಸೊಂಟ ಸವೆಸಿಕೊಂಡವನು ಊರಿಗೆ ಬಂದು ಹತ್ತು ವರ್ಷ ಈ ನೀರು ಕುಡಿಯುತ್ತಾನೆ. ಆಮೇಲೆ ಸೊಂಟ ನೋವೆಂದು ಹೋದರೆ ‘ನಿಮ್ಮ ಕಡೆಯ ನೀರಿನಿಂದ ಬಂದದ್ದು’ ಎನ್ನಬಹುದು. ಫ್ಲೋರೈಡ್‌ನಿಂದ ನಿಜವಾಗಿ ನರಳುತ್ತಿರುವವನು ಸೈನ್ಯದ್ದೇ ಎಂದು ತಪ್ಪು ಔಷಧಿ ನುಂಗುತ್ತಲೂ ಇರಬಹುದು. ಬಿಡುಗಡೆಯ ದಿನದ ಸೊಂಟದ ಎಕ್ಸ್‌ರೇ ಒಂದು ಮನೆಯ ಬೀರುವಿನಲ್ಲಿದ್ದರೆ ಈ ಎರಡನ್ನೂ ತಪ್ಪಿಸಬಹುದು.

ಆ ಬಿಡುಗಡೆಯ ದಿನದ ಬಗ್ಗೆಯೇ ನನಗೆ ಹೆಚ್ಚು ಸಂಕಟ. ಸೇವೆಯಿಂದ ಬಿಡುವವರಿಗೆ ಕೊನೆಯ ವೈದ್ಯಕೀಯ ಪರೀಕ್ಷೆ ಇರುತ್ತದೆ, ಕಡಿಮೆ ದರ್ಜೆಯಲ್ಲಿದ್ದವರಿಗೆ ಬಿಡುಗಡೆ ಮಂಡಳಿ ಕೂರುತ್ತದೆ. ನಾನು ಅಂಥ ಎಷ್ಟೋ ಸಾಲುಗಳನ್ನು ನಿಭಾಯಿಸಿದ್ದೇನೆ. ಕಪ್ಪು ಟ್ರಂಕಿಗೆ ಬಿಳಿ ಬಣ್ಣದಲ್ಲಿ ಹೆಸರು ಬರೆಸಿ ಆಗಿದೆ, ರೈಲಿನ ಟಿಕೆಟ್ ಜೇಬಿನಲ್ಲಿದೆ. ‘ಏನಾದರೂ ತೊಂದರೆ?’ ಎಂದರೆ, ‘ಇಲ್ಲ ಸಾಬ್.’ ಹೊಣೆ ಇದ್ದ ನನ್ನಂಥವರೂ ಆ ‘ಇಲ್ಲ’ವನ್ನು ಬೇಗ ಬೇಗ ಬರೆದುಕೊಂಡೆವು. ಇನ್ನೊಂದು ಸಲ ಕೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆ ಒಂದು ಪದದ ಮೇಲೆ ಮುಂದಿನ ನಲವತ್ತು ವರ್ಷದ ಚಿಕಿತ್ಸೆ, ಪಿಂಚಣಿ ಎಲ್ಲ ನಿಂತಿರುತ್ತವೆ.

ಕಾಗದದ ಬಲ ಎಷ್ಟು ಎಂಬುದಕ್ಕೆ ಧರ್ಮವೀರ್ ಸಿಂಗ್ ಅವರ ಅಂಗವೈಕಲ್ಯ ಪಿಂಚಣಿಯ ಮೊಕದ್ದಮೆ ನೋಡಿ. 1985ರಲ್ಲಿ ಸಿಗ್ನಲ್ಸ್ ದಳಕ್ಕೆ ಸೇರಿದ ಸಿಪಾಯಿ, 1994ರಲ್ಲಿ ಮೂರ್ಛೆ ರೋಗದ ಕಾರಣಕ್ಕೆ ಹೊರಬಂದರು. ಶೇಕಡಾ 20 ಅಂಗವೈಕಲ್ಯ ಎಂದ ವೈದ್ಯಕೀಯ ಮಂಡಳಿ, ಅದು ಹುಟ್ಟಿನಿಂದಲೇ ದೇಹದಲ್ಲಿದ್ದ ದೋಷ, ಸೇವೆಗೂ ಅದಕ್ಕೂ ಸಂಬಂಧವಿಲ್ಲ ಎಂದಿತು. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಸೇರುವಾಗಿನ ಪರೀಕ್ಷೆಯಲ್ಲಿ ಆ ಕಾಯಿಲೆಯ ಉಲ್ಲೇಖ ಇಲ್ಲದಿದ್ದರೆ ಅವನು ಆರೋಗ್ಯವಾಗಿಯೇ ಸೇರಿದ ಎಂದು ತಿಳಿಯಬೇಕು, ಅಲ್ಲ ಎನ್ನುವ ಮಂಡಳಿ ಕಾರಣ ಬರೆಯಬೇಕು, ಸಾಬೀತು ಮಾಡುವ ಹೊರೆ ಸಿಪಾಯಿಯ ಮೇಲಲ್ಲ ಎಂದಿತು. ಚೆನ್ನಾಗಿದ್ದ ದಿನ ಬರೆದ ಒಂದು ಕಾಗದ ಇಪ್ಪತ್ತೆಂಟು ವರ್ಷದ ನಂತರ ಬಂದು ಸಾಕ್ಷಿ ಹೇಳಿತು. ಈ ಪಿಂಚಣಿಗೆ 2023ರ ಸೆಪ್ಟೆಂಬರ್‌ನಲ್ಲಿ ಹೊಸ ನಿಯಮಗಳು ಬಂದಿವೆ. ಅದರ ನಂತರ ಬಿಟ್ಟವರು ಹಳೆಯ ತೀರ್ಪನ್ನೊಂದೇ ನೆಚ್ಚಿಕೊಳ್ಳದೆ, ಹೊಸ ನಿಯಮವನ್ನು ತಿಳಿದವರಿಂದ ಓದಿಸಿಕೊಳ್ಳಿ.

ಪಿಂಚಣಿ ಪಡೆಯುವ ಮಾಜಿ ಸೈನಿಕರಿಗೆ 2003ರ ಏಪ್ರಿಲ್‌ನಿಂದ ಇ.ಸಿ.ಎಚ್.ಎಸ್. ಎಂಬ ಚಿಕಿತ್ಸಾ ಯೋಜನೆಯಿದೆ. ಪಾಲಿಕ್ಲಿನಿಕ್‌ಗೆ ಹೋಗುತ್ತೀರಿ, ಮಾತ್ರೆ ತರುತ್ತೀರಿ. ನನ್ನ ಕೋರಿಕೆ ಒಂದೇ: ಮಾತ್ರೆಗೆ ಹೋದಾಗ ಹಳೆಯ ಕಾಗದಗಳನ್ನೂ ತೆಗೆದುಕೊಂಡು ಹೋಗಿ. ಎಷ್ಟು ಮಂದಿಯ ಕಾಗದ ಟ್ರಂಕಿನ ತಳದಲ್ಲಿ ಗೆದ್ದಲು ಹಿಡಿಯುತ್ತಿದೆ ಎಂದು ನನಗೆ ಗೊತ್ತು. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೂ ಆಯಿತು, ಮಕ್ಕಳು ಮಾಡಿಕೊಡುತ್ತಾರೆ. ಮನಸ್ಸಿನ ಭಾರಕ್ಕೆ ಟೆಲಿ ಮಾನಸ್ ಸಹಾಯವಾಣಿಯಿದೆ, ಸಂಖ್ಯೆ 14416. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತನಾಡಬಹುದು. ಸೇನೆಯವರಿಗಾಗಿಯೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರ್‌ನಲ್ಲಿ ಅದರದ್ದೇ ಒಂದು ಘಟಕ ತೆರೆದಿದ್ದಾರೆ.

ಅಗ್ನಿವೀರರ ವಿಷಯದಲ್ಲಿ ನನಗೆ ನಿಜವಾದ ಆತಂಕವಿದೆ. ನಾಲ್ಕು ವರ್ಷ ಮುಗಿದ ಮೇಲೆ ಶೇಕಡಾ 25ರವರೆಗೆ ಮಾತ್ರ ಉಳಿಸಿಕೊಳ್ಳುತ್ತಾರೆ. ಉಳಿದವರಿಗೆ ಪಿಂಚಣಿಯಿಲ್ಲ, ಇ.ಸಿ.ಎಚ್.ಎಸ್. ಇಲ್ಲ. 2023ರ ಆರಂಭದಲ್ಲಿ ತರಬೇತಿಗೆ ಹೋದ ಮೊದಲ ತಂಡಕ್ಕೆ 2026ರ ಕೊನೆಯ ಹೊತ್ತಿಗೆ ನಾಲ್ಕು ವರ್ಷ ತುಂಬುತ್ತದೆ. ಇಪ್ಪತ್ತರ ಹರೆಯದ ಹುಡುಗರು. ಆ ವಯಸ್ಸಿನಲ್ಲಿ ಯಾರಿಗೂ ನೋವಿರುವುದಿಲ್ಲ, ಇದ್ದರೂ ಹೇಳುವುದಿಲ್ಲ. ಕಿವಿ, ಸೊಂಟ, ನಿದ್ದೆ, ಇವು ಕೆಡುವುದು ಆಮೇಲೆ. ಆಗ ಅವರನ್ನು ಕರೆದು ‘ಹೇಗಿದ್ದೀಯಪ್ಪ?’ ಎಂದು ಕೇಳುವ ಹೊಣೆ ಯಾರದು? ವರ್ಷಕ್ಕೊಮ್ಮೆಯಾದರೂ ಅವರನ್ನು ಜಿಲ್ಲಾ ಕೇಂದ್ರಕ್ಕೆ ಕರೆಸಿ ತಪಾಸಣೆ ಮಾಡಿ, ಆ ಲೆಕ್ಕವನ್ನು ಹಳೆಯ ಲೆಕ್ಕಕ್ಕೆ ಸೇರಿಸುವ ವ್ಯವಸ್ಥೆ ಬರಲೇಬೇಕು. ಹಸುವಿಗೆ ಎರಡು ಹೊತ್ತು ಬರೆಯುವ ಜಿಲ್ಲೆಗೆ ಇದು ದೊಡ್ಡ ಮಾತಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಹೆಚ್ಚಿನವು ಪಿಂಚಣಿಯ ಕಡತದ ಬಗ್ಗೆ. ಅವನ್ನು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯವರ ಬಳಿಗೆ ಕಳುಹಿಸಿದೆ. ಕೊನೆಯಲ್ಲಿ ಒಬ್ಬ ತಾಯಿ ಎದ್ದು ನಿಂತರು. ಮಗ ಅಗ್ನಿವೀರ, ಎತ್ತರದ ಜಾಗದಲ್ಲಿದ್ದಾನೆ. ‘ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಹೇಗಿದ್ದೀಯ ಎಂದರೆ ಚೆನ್ನಾಗಿದ್ದೇನೆ ಎಂದೇ ಹೇಳುತ್ತಾನೆ. ನಾನು ಏನು ಕೇಳಲಿ?’

ಹೇಗಿದ್ದೀಯ ಎಂದು ಕೇಳಬೇಡಿ ತಾಯಿ, ಎಂದೆ. ರಾತ್ರಿ ಎಷ್ಟು ಸಲ ಎಚ್ಚರವಾಯಿತು ಎಂದು ಕೇಳಿ. ಎಷ್ಟು ರೊಟ್ಟಿ ತಿಂದೆ ಎಂದು ಕೇಳಿ. ಮೆಟ್ಟಿಲು ಹತ್ತಿದಾಗ ಜೊತೆಯವರು ಮುಂದೆ ಹೋದರಾ, ನೀನು ಮುಂದೆ ಹೋದೆಯಾ ಎಂದು ಕೇಳಿ. ಕೆಮ್ಮಿದರೆ ಎಂದಿನಿಂದ ಎಂದು ಕೇಳಿ. ಅವನು ಹೇಳಿದ್ದನ್ನು ಕ್ಯಾಲೆಂಡರಿನಲ್ಲಿ ಆ ತಾರೀಖಿನ ಮೇಲೇ ಬರೆದಿಡಿ.

‘ಅದಕ್ಕೂ ಸುಳ್ಳು ಹೇಳಿದರೆ?’

ಹೇಳಲಿ, ಅದನ್ನೂ ಬರೆದಿಡಿ. ಮುಂದಿನ ವಾರ ಅದೇ ಪ್ರಶ್ನೆ ಕೇಳಿ. ಉತ್ತರ ಬದಲಾದ ದಿನ ನನಗೆ ಫೋನ್ ಮಾಡಿ ಎಂದು ನನ್ನ ನಂಬರ್ ಬರೆದುಕೊಟ್ಟೆ.